ಇಜು ಗುಡ್ಡದ ಸೈಕಲ್ ಸೆಂಟರ್: ಮಕ್ಕಳಿಗೆ ಆಟ, ದೊಡ್ಡವರಿಗೆ ಏರು

ಶಿಜುವೊಕಾ ಪ್ರಾಂತ್ಯದ ಜಪಾನ್ ಸೈಕಲ್ ಸ್ಪೋರ್ಟ್ಸ್ ಸೆಂಟರ್ ಅಂದರೆ ಮಕ್ಕಳ ಪಾರ್ಕ್ ಅಂತಲೇ ತುಂಬಾ ಜನ ಅಂದುಕೊಳ್ಳುತ್ತಾರೆ. ತಪ್ಪೇನಿಲ್ಲ. ಚಿತ್ರವಿಚಿತ್ರ ಆಕಾರದ ಸೈಕಲ್‌ಗಳಿವೆ, ಪೆಡಲ್ ತುಳಿದು ಆಡುವ ಆಟಗಳಿವೆ. ನನ್ನ ಮಗಳಿಗೆ ಅಷ್ಟೇ ಸಾಕಿತ್ತು. ಅವಳನ್ನು ಅವರಪ್ಪನ ಕೈಗೆ ಒಪ್ಪಿಸಿ ನಾನು ನೇರ 5 ಕಿಲೋಮೀಟರ್ ಸರ್ಕ್ಯೂಟಿನ ಕಡೆ ನಡೆದೆ. ಹಾಗಾಗಿ ಇದು ಹೆಚ್ಚಾಗಿ ಆ ರಸ್ತೆಯ ವಿಮರ್ಶೆ.

ನಾನು ಅಷ್ಟು ದೂರ ಹೋದದ್ದಕ್ಕೆ ಕಾರಣ ಸುಗಿಯುರಾ ಕೇಕೊ. ಹೆಸರು ಕೇಳಿಲ್ಲದವರಿಗೆ ಹೇಳುತ್ತೇನೆ. 1970ರಲ್ಲಿ ಇದೇ ಪ್ರಾಂತ್ಯದ ಕಾಕೆಗಾವಾದಲ್ಲಿ ಹುಟ್ಟಿದವರು. ಫಾರ್ಮಸಿಸ್ಟ್. ಟ್ರಯಥ್ಲಾನ್ ಹುಚ್ಚು ಹಿಡಿಸಿಕೊಂಡು, ಆಮೇಲೆ ಸೈಕಲ್ ರೇಸಿಗೆ ಬಂದರು. 2016ರ ಏಪ್ರಿಲ್‌ನಲ್ಲಿ ಇಲ್ಲಿ ನಡೆದ ರೇಸಿನಲ್ಲಿ ಬಿದ್ದರು. ತಲೆಗೆ ಭಾರೀ ಪೆಟ್ಟು. ನೆನಪು, ಗಮನ ಎರಡಕ್ಕೂ ತೊಂದರೆ ಉಳಿಯಿತು, ದೇಹದ ಬಲಭಾಗದ ಶಕ್ತಿ ಕುಂದಿತು. ಆಗ ಅವರಿಗೆ ನಲವತ್ತೈದು. ನಮ್ಮ ಕಡೆ ಆ ವಯಸ್ಸಿಗೆ ಹೆಂಗಸರು ಸೈಕಲ್ ಹತ್ತಿದರೇ ಊರೆಲ್ಲ ಮಾತಾಡುತ್ತದೆ, ಬಿದ್ದರಂತೂ ಕೇಳುವುದೇ ಬೇಡ. ಇವರು ಮರುವರ್ಷವೇ ದಕ್ಷಿಣ ಆಫ್ರಿಕಾದಲ್ಲಿ ಪ್ಯಾರಾ ಸೈಕ್ಲಿಂಗ್ (ಅಂಗವೈಕಲ್ಯ ಇರುವವರ ಸೈಕಲ್ ರೇಸ್) ವಿಶ್ವ ಚಾಂಪಿಯನ್‌ಶಿಪ್‌ನ ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರಾಗಿ ಹೊರಟು ಗಡಿಯಾರದ ಜೊತೆ ಪೈಪೋಟಿ ಮಾಡುವ ರೇಸ್, ಗೆದ್ದರು.

ಈಗ ರಸ್ತೆಯ ವಿಷಯ. ಕಾರು, ಬೈಕು ಇಲ್ಲ, ಸಿಗ್ನಲ್ ಇಲ್ಲ. ಸಮತಟ್ಟು ಜಾಗವಂತೂ ಹುಡುಕಬೇಕು. ಚಾರ್ಮಾಡಿ ಘಾಟಿಯ ಒಂದು ತುಂಡು ಕತ್ತರಿಸಿ ಎರಡು ತುದಿ ಸೇರಿಸಿದ ಹಾಗಿದೆ. ಇಳಿಜಾರು ಮುಗಿಯಿತು, ಇನ್ನು ಉಸಿರು ಬಿಡೋಣ ಅನ್ನುವಷ್ಟರಲ್ಲಿ ತಿರುವು, ತಿರುವು ದಾಟಿದರೆ ಏರು. ಏರಿನ ಬುಡಕ್ಕೆ ಬರುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು. ತಡಮಾಡಿದರೆ ಪೆಡಲ್ ಕಲ್ಲಾಗುತ್ತದೆ. ಡಾಂಬರು ನುಣುಪಾಗಿದೆ, ಅದೇ ಅಪಾಯ ಕೂಡ: ವೇಗ ಏರಿದ್ದು ಗೊತ್ತೇ ಆಗುವುದಿಲ್ಲ. ಎರಡು ಕೈಯಲ್ಲೂ ಬ್ರೇಕ್ ಹಿಡಿದು ಇಳಿಯುವಾಗ ನನಗೆ ಅನಿಸಿದ್ದು, ಒಂದು ಕಡೆಯ ಕೈಕಾಲು ಸರಿಯಾಗಿ ಮಾತು ಕೇಳದಿದ್ದರೆ ಇಂಥ ತಿರುವನ್ನು ಹೇಗೆ ನಿಭಾಯಿಸುವುದು? ಪ್ಯಾರಾ ಸೈಕ್ಲಿಂಗ್‌ನಲ್ಲಿ ಎರಡೂ ಬ್ರೇಕನ್ನು ಒಂದೇ ಕೈಗೆ ಸಿಗುವ ಹಾಗೆ ಜೋಡಿಸಿಕೊಳ್ಳುವವರಿದ್ದಾರೆ. ಆದರೆ ತಿರುವಿನಲ್ಲಿ ಮೈಭಾರ ಯಾವ ಕಡೆ ಹಾಕಬೇಕು ಅನ್ನುವುದನ್ನು ಯಾವ ಮೆಕ್ಯಾನಿಕ್ಕೂ ಜೋಡಿಸಿಕೊಡಲಾರ.

ಇದೇ ಆವರಣದಲ್ಲಿ ಇಜು ವೆಲೋಡ್ರೋಮ್ ಇದೆ. 2011ರಲ್ಲಿ ತೆರೆದದ್ದು, ಒಳಗೆ 250 ಮೀಟರ್‌ನ ಮರದ ಟ್ರ್ಯಾಕ್. ತಿರುವುಗಳಲ್ಲಿ ಟ್ರ್ಯಾಕ್ 45 ಡಿಗ್ರಿವರೆಗೂ ವಾಲಿದೆ. ಟಿವಿಯಲ್ಲಿ ಅದು ಕಾಣುವುದೇ ಇಲ್ಲ, ಎದುರು ನಿಂತರೆ ಮಾತ್ರ ಅದು ಗೋಡೆ ಅಂತ ಗೊತ್ತಾಗುತ್ತದೆ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ಬಂದದ್ದು ಇಲ್ಲಿಯೇ, ಆಸ್ಟ್ರೇಲಿಯಾದ ಪೇಜ್ ಗ್ರೆಕೊ ಅವರಿಗೆ. ಸುಗಿಯುರಾ ಅವರಿಗೆ ಇಲ್ಲಿ ಪದಕ ಸಿಗಲಿಲ್ಲ. ಅವರ ಚಿನ್ನ ಕಾದಿದ್ದು ರಸ್ತೆಯಲ್ಲಿ, ಇದೇ ಪ್ರಾಂತ್ಯದ ಕಾರ್ ರೇಸ್ ಟ್ರ್ಯಾಕ್ ಫ್ಯೂಜಿ ಸ್ಪೀಡ್‌ವೇಯಲ್ಲಿ. 2021ರ ಆಗಸ್ಟ್ 31ರಂದು ಟೈಮ್ ಟ್ರಯಲ್, ಸೆಪ್ಟೆಂಬರ್ 3ರಂದು ರೋಡ್ ರೇಸ್, ಎರಡೂ ಅವರದೇ. ಆಗ ಐವತ್ತು ವರ್ಷ. ಪ್ಯಾರಾಲಿಂಪಿಕ್ ಚಿನ್ನ ಗೆದ್ದ ಜಪಾನೀಯರಲ್ಲಿ ಎಲ್ಲರಿಗಿಂತ ಹಿರಿಯರಾದರು.

ಟೈಮ್ ಟ್ರಯಲ್‌ನ ಲೆಕ್ಕ ಸ್ವಲ್ಪ ಬೇರೆ. ಸಿ1ರಿಂದ ಸಿ3ರವರೆಗಿನ ವರ್ಗದವರು ಒಂದೇ ಪದಕಕ್ಕೆ ಓಡಿಸುತ್ತಾರೆ. ಅಂಕಿ ಚಿಕ್ಕದಾದಷ್ಟೂ ಅಡಚಣೆ ಜಾಸ್ತಿ ಅಂತ ಅರ್ಥ, ಅವರ ಸಮಯಕ್ಕೆ ರಿಯಾಯಿತಿ ಸಿಗುತ್ತದೆ. ಸುಗಿಯುರಾ ಸಿ3. ಅಂದರೆ ಉಳಿದವರಿಗೆ ರಿಯಾಯಿತಿ ಕೊಟ್ಟ ಮೇಲೂ ಮುಂದಿರಬೇಕು. 16 ಕಿಲೋಮೀಟರನ್ನು 26 ನಿಮಿಷದೊಳಗೆ ಮುಗಿಸಿದರು. ರೋಡ್ ರೇಸಿನಲ್ಲಿ ಈ ಲೆಕ್ಕ ಇಲ್ಲ, ಗೆರೆ ಮೊದಲು ದಾಟಿದವರೇ ಗೆದ್ದವರು. ನನಗೆ ಅದೇ ಇಷ್ಟ, ಸುಮ್ನೆ ಕೂತು ನೋಡಬಹುದು, ಕ್ಯಾಲ್ಕುಲೇಟರ್ ಬೇಡ.

ಟೋಕಿಯೊದಲ್ಲಿ ಗೆದ್ದಾಗ ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು: ಅತಿ ಕಿರಿಯರ ದಾಖಲೆಯನ್ನು ಇನ್ನೊಮ್ಮೆ ಮಾಡಲಾಗದು, ಅತಿ ಹಿರಿಯರ ದಾಖಲೆಯನ್ನು ಮಾಡಬಹುದು ಅಂತ. ಮಾತಿಗೆ ಹೇಳಿದ್ದಲ್ಲ ಅದು. 2024ರ ಸೆಪ್ಟೆಂಬರ್ 7ರಂದು ಪ್ಯಾರಿಸ್ ಪಕ್ಕದ ಕ್ಲಿಶಿ-ಸೂ-ಬುವಾದಲ್ಲಿ, 53ನೇ ವಯಸ್ಸಿನಲ್ಲಿ, ರೋಡ್ ರೇಸ್ ಚಿನ್ನವನ್ನು ಮತ್ತೆ ಗೆದ್ದರು. ಏರು ಬಂದಾಗ ವಯಸ್ಸಿನ ನೆಪ ಹೇಳುವ ನನ್ನಂಥವರಿಗೆ ಇದು ಸ್ವಲ್ಪ ಕಿರಿಕಿರಿಯ ಸುದ್ದಿಯೇ.

ಹೋಗುವವರಿಗೆ ಒಂದೆರಡು ಮಾತು. ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಮಿಶಿಮಾ, ಅಲ್ಲಿಂದ ಚಿಕ್ಕ ರೈಲಿನಲ್ಲಿ ಕೊನೆಯ ನಿಲ್ದಾಣ ಶುಜೆಂಜಿ, ಆಮೇಲೆ ಗುಡ್ಡ ಹತ್ತಲು ಬಸ್ಸು ಅಥವಾ ಟ್ಯಾಕ್ಸಿ. ರೇಸ್ ಇರುವ ದಿನ ಸರ್ಕ್ಯೂಟ್ ನಮಗೆ ಸಿಗುವುದಿಲ್ಲ, ಕ್ಯಾಲೆಂಡರ್ ನೋಡಿಕೊಂಡೇ ಟಿಕೆಟ್ ಮಾಡಿಸಿ. ಗ್ಲೌಸ್ ಇರಲಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗಿ. ಜಪಾನಿನಲ್ಲಿ ಎಲ್ಲೇ ಉಂಡರೂ ಮೀನಿನ ಸಾರು ಯಾವುದರೊಳಗೆ ಸೇರಿರುತ್ತದೋ ಹೇಳಲಾಗದು ಅಲ್ವಾ. ನಾವು ಚಿತ್ರಾನ್ನ ಒಯ್ದಿದ್ದೆವು, ಚೆನ್ನಾಗಿ ಖರ್ಚಾಯಿತು.

ನನ್ನ ಲೆಕ್ಕದಲ್ಲಿ ಸರ್ಕ್ಯೂಟಿಗೆ ಐದಕ್ಕೆ ಐದು. ಆದರೆ ಸೈಕಲ್ ಹೊಸದಾಗಿ ಕಲಿತವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ, ಅವರು ಮಕ್ಕಳ ಕಡೆಯೇ ಸುಖವಾಗಿರುತ್ತಾರೆ. ಅದೇ ದಿನ ಫ್ಯೂಜಿ ಸ್ಪೀಡ್‌ವೇಯನ್ನೂ ನೋಡಿ ಮುಗಿಸುವ ಆಸೆ ಬಿಡಿ, ದೂರ ಇದೆ, ಕಾಲೂ ಒಪ್ಪುವುದಿಲ್ಲ. ಶುಜೆಂಜಿಯ ಬಿಸಿನೀರಿನ ಬುಗ್ಗೆಗಳು ಹೆಸರುವಾಸಿ. ಸಂಜೆ ಅಲ್ಲಿ ಸ್ನಾನ ಮಾಡಿ, ರಾತ್ರಿ ಉಳಿದು, ಬೆಳಿಗ್ಗೆ ರೈಲು ಹಿಡಿಯಿರಿ.