108 ಕಿಲೋ ತೂಕದ ನನಗೆ 36 ಕಡ್ಡಿಯ ಹಿಂದಿನ ಗಾಲಿ: ಎಂಟು ತಿಂಗಳು ಓಡಿಸಿದ ಮೇಲೆ

ಕಳೆದ ಮಳೆಗಾಲದಲ್ಲಿ ನನ್ನ ರೋಡ್ ಬೈಕಿನ, ಅಂದರೆ ತೆಳು ಟೈರಿನ ಸೈಕಲ್ಲಿನ, ಹಿಂದಿನ ಗಾಲಿಯಲ್ಲಿ ನಾಲ್ಕು ಕಡ್ಡಿ ಮುರಿದವು. ಕಡ್ಡಿ ಅಂದರೆ ಸ್ಪೋಕ್. ನಾಲ್ಕನೆಯದು ಹೋಗಿದ್ದು ಕುಮಟೆ-ಶಿರಸಿ ರಸ್ತೆಯ ದೇವಿಮನೆ ಘಟ್ಟ ಇಳಿಯುವಾಗ. ಟಣ್ ಅಂತ ಸದ್ದಾಯಿತು. ಎರಡು ತಿರುವು ದಾಟುವಷ್ಟರಲ್ಲಿ ಗಾಲಿ ಔಟಾಗಿ, ಅಂದರೆ ಅಡ್ಡಡ್ಡ ತೂಗಾಡಿ, ಟೈರ್ ಫ್ರೇಮಿಗೆ ಉಜ್ಜತೊಡಗಿತು. ರಸ್ತೆ ಅಗಲ ಮಾಡುವ ಕೆಲಸ ನಡೆದಲ್ಲೆಲ್ಲ ಜಲ್ಲಿ, ಕೆಸರು. ಹಿಂದೆ ಲಾರಿ. ಸೈಕಲ್ ಬದಿಗೆ ಹಾಕಿ, ಕುಮಟೆಗೆ ಹೊರಟಿದ್ದ ಒಂದು ಟೆಂಪೋ ಹಿಡಿದು ಮನೆ ಸೇರಿದೆ. ಆವತ್ತು ರಾತ್ರಿಯೇ ನಿರ್ಧಾರ ಮಾಡಿದೆ, ಇನ್ನು ಒಂದೊಂದೇ ಕಡ್ಡಿ ಹಾಕಿಸುವುದು ಸಾಕು ಅಂತ.

ನನ್ನ ತೂಕ 108 ಕಿಲೋ. ಬಂದರಿನ ಐಸ್ ಪ್ಲಾಂಟ್‌ನಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ಕುಮಟೆಯಿಂದ ಕತಗಾಲ, ಮನಸ್ಸಿದ್ದರೆ ದೇವಿಮನೆ ಹತ್ತಿ ಶಿರಸಿ. ಅಲ್ಲಿಗೆ ಹೆಚ್ಚುಕಡಿಮೆ 60 ಕಿಲೋಮೀಟರ್. ಸೈಕಲ್ಲು ಅಲ್ಯೂಮಿನಿಯಂ ಫ್ರೇಮಿನದು, ಕೇಬಲ್ ಎಳೆಯುವ ಡಿಸ್ಕ್ ಬ್ರೇಕು, ಶಿಮಾನೊ ಸೋರಾ 9 ಸ್ಪೀಡ್ ಗೇರು. ಕಂಪನಿಯಿಂದ ಬಂದ ಹಿಂದಿನ ಗಾಲಿಗೆ ಇದ್ದದ್ದು 24 ಕಡ್ಡಿ. ಅಂಗಡಿಯಲ್ಲಿ ಕೊಳ್ಳುವಾಗ ನನ್ನ ತೂಕ ಯಾರೂ ಕೇಳಲಿಲ್ಲ. ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಅಪ್‌ಗ್ರೇಡ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು. ಶಿರಸಿಯ ಗೆಳೆಯ ಫೋನ್ ಮಾಡಿ, "ಕಾರ್ಬನ್ನೇ ತಗಳಾ ಮಾರಾಯಾ, ಹಗುರಾಗ್ತು" ಅಂದ. ಕಾರ್ಬನ್ ನಾರಿನ ಫ್ರೇಮಿನ ಸೈಕಲ್ಲು ಅಂತ ಅರ್ಥ. ಅವನು 64 ಕಿಲೋ. ಅವನ ಮಟ್ಟಿಗೆ ಅದು ಸರಿ ಇರಬಹುದು. ನಾನು ಕಾಗದ ಹಿಡಿದು ಕೂತೆ. ನಾನು 108, ಸೈಕಲ್ 11, ನೀರು, ಪಂಪು, ಟ್ಯೂಬು ಸೇರಿ 3. ಒಟ್ಟು 122 ಕಿಲೋ. ಲಕ್ಷದ ಮೇಲೆ ಖರ್ಚು ಮಾಡಿ 8 ಕಿಲೋದ ಕಾರ್ಬನ್ ಸೈಕಲ್ ತಂದರೆ 122 ಇದ್ದದ್ದು 119 ಆಗುತ್ತದೆ. ಘಟ್ಟ ಹತ್ತುವಾಗ ಸಮಯ ಹೆಚ್ಚುಕಡಿಮೆ ಒಟ್ಟು ಭಾರದ ಲೆಕ್ಕದಲ್ಲೇ ಹೋಗುತ್ತದೆ. ಒಂದು ಗಂಟೆಯ ಏರಿನಲ್ಲಿ ಒಂದೂವರೆ ನಿಮಿಷ ಉಳಿತಾಯ, ಅಷ್ಟೇ. ಕಡ್ಡಿ ಮುರಿದು ಟೆಂಪೋ ಕಾಯುತ್ತಾ ನಿಂತರೆ ಹೋಗುವುದು ಎರಡು ಗಂಟೆ.

ಇನ್ನೊಂದು ಮಾತು. ಹಗುರ ಗಾಲಿಗಳಿಗೆ ಭಾರದ ಮಿತಿ ಇರುತ್ತದೆ. ಜೊತೆಗೆ ಬರುವ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕೆಲವರು ಸವಾರನ ತೂಕವನ್ನಷ್ಟೇ ಹೇಳುತ್ತಾರೆ, ಕೆಲವರು ಸೈಕಲ್ಲು, ಚೀಲ ಎಲ್ಲ ಸೇರಿಸಿ ಹೇಳುತ್ತಾರೆ. "120 ಕಿಲೋ" ಅಂತ ಓದಿ ನನಗೆ ಸಾಕು ಅಂದುಕೊಂಡರೆ ತಪ್ಪಾಗಬಹುದು. ಒಟ್ಟು ಲೆಕ್ಕ ಹಿಡಿದರೆ ನಾನು ಆ ಗೆರೆ ದಾಟಿಯಾಗಿದೆ. ದುಡ್ಡು ಕೊಡುವ ಮುಂಚೆ ಇದನ್ನು ದಯವಿಟ್ಟು ಓದಿ.

ಕಡ್ಡಿ ಯಾಕೆ ಮುರಿಯುತ್ತದೆ ಅಂತ ನನಗೆ ಅರ್ಥವಾಗಿದ್ದು ಆ ನಾಲ್ಕನೇ ಕಡ್ಡಿಯನ್ನು ಕೈಯಲ್ಲಿ ಹಿಡಿದು ನೋಡಿದಾಗ. ಹಬ್ಬಿನ, ಅಂದರೆ ಗಾಲಿಯ ನಡುವಿನ ಗುಂಬದ, ತೂತಿನಲ್ಲಿ ಬಾಗುವ ಜಾಗದಲ್ಲೇ, ತಲೆಯಿಂದ ಒಂದು ಅಕ್ಕಿಕಾಳಿನಷ್ಟು ದೂರದಲ್ಲಿ ತುಂಡಾಗಿತ್ತು. ಮುರಿದ ಮೈಯಲ್ಲಿ ಅರ್ಧ ಕಪ್ಪಗೆ, ಇನ್ನರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಕಪ್ಪಗಿದ್ದದ್ದು ಹಳೇ ಬಿರುಕು, ಎಷ್ಟೋ ದಿನದಿಂದ ನೀರು ಕುಡಿದದ್ದು. ಬೆಳ್ಳಗಿದ್ದದ್ದು ಮಾತ್ರ ಆ ದಿನ ಮುರಿದ ಭಾಗ. ಅಂದರೆ ಅದು ಗುಂಡಿಗೆ ಬಿದ್ದು ಮುರಿದದ್ದಲ್ಲ, ದಣಿದು ಮುರಿದದ್ದು. ಗಾಲಿ ಒಂದು ಸುತ್ತು ತಿರುಗಿದಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ಸ್ವಲ್ಪ ಸಡಿಲಾಗುತ್ತದೆ, ಮೇಲೆ ಹೋದಾಗ ಮತ್ತೆ ಬಿಗಿಯುತ್ತದೆ. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಕುಮಟೆಯಿಂದ ಶಿರಸಿಗೆ ಹೋಗುವಷ್ಟರಲ್ಲಿ ಪ್ರತಿ ಕಡ್ಡಿಯೂ 28 ಸಾವಿರ ಸಲ ಸಡಿಲಾಗಿ ಬಿಗಿದಿರುತ್ತದೆ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆಯೇ. ಭಾರ ಜಾಸ್ತಿಯಾದಷ್ಟೂ ಆ ಸಡಿಲಿಕೆ ಜಾಸ್ತಿ. ಕಡ್ಡಿ ಕಡಿಮೆ ಇದ್ದಷ್ಟೂ ಒಂದೊಂದರ ಪಾಲಿಗೆ ಬೀಳುವ ಭಾರ ಜಾಸ್ತಿ. ಸವಾರನ ಭಾರದ ಹೆಚ್ಚಿನ ಪಾಲು ಬೀಳುವುದೂ ಹಿಂದಿನ ಗಾಲಿಯ ಮೇಲೆಯೇ.

ಹುಬ್ಬಳ್ಳಿಯಲ್ಲಿ ಕೈಯಿಂದಲೇ ಗಾಲಿ ಕಟ್ಟುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ ಅಂತ ಪರಿಚಯದವರು ಹೇಳಿದರು. ಬಸ್ಸಿನಲ್ಲಿ ಹಳೇ ಗಾಲಿ ಹೊತ್ತುಕೊಂಡೇ ಹೋದೆ. ಅವರು ಅದನ್ನು ಒಮ್ಮೆ ತಿರುಗಿಸಿ, ನನ್ನನ್ನೊಮ್ಮೆ ನೋಡಿ, "ಸಾಹೇಬ್ರ, ನಿಮಗ ಇಪ್ಪತ್ನಾಕು ಕಡ್ಡಿ ಸಾಕಾಗಂಗಿಲ್ರಿ. ಮೂವತ್ತಾರು ಹಾಕೂಣು" ಅಂದರು. ನನಗೆ ಬೇಜಾರಾಗಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಮೈಯನ್ನು ಒಂದು ಅಳತೆ ಅಂತ ತೆಗೆದುಕೊಂಡು, ಅದಕ್ಕೆ ತಕ್ಕ ಸಾಮಾನು ಹೇಳಿದ ಮೊದಲ ಮನುಷ್ಯ ಅವರು.

ಕೊನೆಗೆ ಆಯ್ಕೆ ಮಾಡಿದ್ದು ಇದು: ಶಿಮಾನೊ ಡಿಯೋರ್ ಗುಂಪಿನ 36 ತೂತಿನ ಡಿಸ್ಕ್ ಹಬ್ಬು, ಎರಡು ಗೋಡೆಯ ಅಲ್ಯೂಮಿನಿಯಂ ರಿಮ್ಮು, ಸ್ಯಾಪಿಮ್ ರೇಸ್ ಕಡ್ಡಿ. ಈ ಕಡ್ಡಿ ಎರಡೂ ತುದಿಯಲ್ಲಿ 2 ಮಿಲಿಮೀಟರ್, ನಡುವೆ 1.8. ದಪ್ಪ ಕಡ್ಡಿಯೇ ಗಟ್ಟಿ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ನಡುವೆ ತೆಳ್ಳಗಿದ್ದರೆ ಕಡ್ಡಿ ಅಲ್ಲಿ ಸ್ವಲ್ಪ ಹಿಗ್ಗುತ್ತದೆ, ಬಾಗಿನ ಮೇಲೆ ಬೀಳುವ ಪೆಟ್ಟು ಕಡಿಮೆಯಾಗುತ್ತದೆ. ನಿಪ್ಪಲ್, ಅಂದರೆ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು, ಮಾತ್ರ ಹಿತ್ತಾಳೆಯದೇ ಬೇಕು ಅಂತ ನಾನೇ ಹಟ ಹಿಡಿದೆ. ಅಲ್ಯೂಮಿನಿಯಂ ನಿಪ್ಪಲ್ ಹಗುರ, ಬಣ್ಣವೂ ಚಂದ. ಆದರೆ ನಮ್ಮ ಕಡೆಯ ಉಪ್ಪಿನ ಗಾಳಿಗೆ ಅದು ಕಚ್ಚಿಕೊಂಡು ಕೂತರೆ ಮುಂದೆ ಬಿಗಿ ಮಾಡಲು ಹೋದಾಗ ಪುಡಿಯಾಗುತ್ತದೆ. ಉಪ್ಪು ಲೋಹವನ್ನು ಹೇಗೆ ತಿನ್ನುತ್ತದೆ ಅಂತ ಬಂದರಿನಲ್ಲಿ ದಿನವೂ ನೋಡುತ್ತೇನೆ.

ಅವರು ಗಾಲಿ ಕಟ್ಟುವುದನ್ನು ಎರಡೂವರೆ ಗಂಟೆ ಪಕ್ಕದಲ್ಲೇ ಕೂತು ನೋಡಿದೆ. ಪ್ರತಿ ಕಡ್ಡಿ ಹಬ್ಬಿನಿಂದ ರಿಮ್ಮಿಗೆ ಹೋಗುವಷ್ಟರಲ್ಲಿ ಬೇರೆ ಮೂರು ಕಡ್ಡಿಗಳನ್ನು ದಾಟಿ ಹೋಗುವಂತೆ ಹೆಣೆದರು. ಎಲ್ಲ ಬಿಗಿಯಾದ ಮೇಲೆ ಕೈಗೆ ದಪ್ಪ ಗ್ಲೌಸ್ ಹಾಕಿ, ಜೋಡಿ ಜೋಡಿ ಕಡ್ಡಿಗಳನ್ನು ಒಟ್ಟಿಗೆ ಹಿಡಿದು ಜೋರಾಗಿ ಹಿಂಡಿದರು. ಚಟಚಟ ಸದ್ದು. ಗಾಲಿ ಮತ್ತೆ ಸ್ವಲ್ಪ ಔಟು. ಮತ್ತೆ ಸರಿ ಮಾಡಿದರು, ಮತ್ತೆ ಹಿಂಡಿದರು. ಸದ್ದು ಪೂರ್ತಿ ನಿಲ್ಲುವ ತನಕ ಬಿಡಲಿಲ್ಲ. ಮಷಿನ್ನಿನಲ್ಲಿ ಕಟ್ಟಿದ ಅಗ್ಗದ ಗಾಲಿಗಳಿಗೆ ಎಷ್ಟೋ ಸಲ ಈ ಕೆಲಸವೇ ಆಗಿರುವುದಿಲ್ಲ. ಕೊನೆಗೆ ಬೆರಳಿನಿಂದ ಒಂದೊಂದೇ ಕಡ್ಡಿ ಮೀಟಿ ಕಿವಿ ಕೊಟ್ಟು ಕೇಳಿದರು. ಬಲಗಡೆಯವೆಲ್ಲ ಒಂದು ಸ್ವರ, ಎಡಗಡೆಯವೆಲ್ಲ ಅದಕ್ಕಿಂತ ತಗ್ಗಿನ ಇನ್ನೊಂದು ಸ್ವರ. ಗೇರಿನ ಚಕ್ರಗಳಿಗೆ ಜಾಗ ಬಿಡಬೇಕಲ್ಲ, ಅದಕ್ಕೇ ಬಲಗಡೆ ಬಿಗಿ ಯಾವಾಗಲೂ ಜಾಸ್ತಿ. ಆದರೆ ಒಂದು ಬದಿಯ ಹದಿನೆಂಟೂ ಒಂದೇ ಸ್ವರದಲ್ಲಿ ಇರಬೇಕು. ಹಳೇ ಗಾಲಿಯನ್ನು ಮೀಟಿ ತೋರಿಸಿದರು. ಒಂದು ಟಿಣ್ ಅಂದರೆ ಪಕ್ಕದ್ದು ಡುಬ್ ಅನ್ನುತ್ತಿತ್ತು.

ಸಾಮಾನು, ಕೂಲಿ ಎಲ್ಲ ಸೇರಿ 12 ಸಾವಿರದ ಆಸುಪಾಸು ಆಯಿತು. ಕಾರ್ಬನ್ ಸೈಕಲ್ಲಿಗೆ ಕೊಡಬೇಕಿದ್ದ ದುಡ್ಡಿನ ಎದುರು ಇದು ಏನೂ ಅಲ್ಲ. ಸುಮಾರು 200 ಕಿಲೋಮೀಟರ್ ಓಡಿಸಿ ಮತ್ತೆ ತೋರಿಸಿ ಅಂದಿದ್ದರು, ತೋರಿಸಿದೆ. ಕಾಲು ಸುತ್ತಿನಷ್ಟು ಬಿಗಿ ಮಾಡಿದರು. ಆಮೇಲೆ 3,000 ಕಿಲೋಮೀಟರ್ ದಾಟಿದೆ. ಒಂದು ಕಡ್ಡಿಯೂ ಮುರಿದಿಲ್ಲ, ಗಾಲಿ ಔಟಾಗಿಲ್ಲ. ಹಳೇ ಗಾಲಿಗಿಂತ ಭಾರ ಇದೆ, ನಿಜ. ನಿಂತಲ್ಲಿಂದ ಹೊರಡುವಾಗ ಅದು ಗೊತ್ತಾಗುತ್ತದೆ. ಓಡಲು ಶುರುವಾದ ಮೇಲೆ ಗೊತ್ತಾಗುವುದಿಲ್ಲ.

ಗಾಲಿಯ ಜೊತೆಗೇ ಟೈರ್ ಬದಲಿಸಿದೆ. ಮೊದಲಿದ್ದದ್ದು 25 ಮಿಲಿಮೀಟರ್. 110 ಪಿಎಸ್‌ಐ ಗಾಳಿ ತುಂಬಿದರೆ ಹೆದ್ದಾರಿಯ ಪ್ರತಿ ಜೋಡಣೆಯೂ ಬೆನ್ನಿಗೆ ಬಡಿಯುತ್ತಿತ್ತು. ಕಡಿಮೆ ತುಂಬಿದರೆ ಗುಂಡಿಯಲ್ಲಿ ಟ್ಯೂಬು ರಿಮ್ಮಿಗೆ ಸಿಕ್ಕಿ ಎರಡು ತೂತು. ಈಗ 32 ಮಿಲಿಮೀಟರ್, ಗಾಳಿ ಹಿಂದಿನ ಗಾಲಿಗೆ 75, ಮುಂದಿನದಕ್ಕೆ 68 ಪಿಎಸ್‌ಐ. ನಮ್ಮಂಥವರು ಮೊದಲು ಮಾಡಬೇಕಾದ ಅಗ್ಗದ ಬದಲಾವಣೆ ಇದೇ. ಆದರೆ ನಿಮ್ಮ ಫ್ರೇಮಿನಲ್ಲಿ ಅಷ್ಟು ಜಾಗ ಇದೆಯಾ ಅಂತ ಮೊದಲು ಅಳೆದು ನೋಡಿ. ರಿಮ್ ಬ್ರೇಕಿನ ಹಳೇ ರೋಡ್ ಬೈಕುಗಳಲ್ಲಿ 28 ಹಿಡಿಸುವುದೇ ಕಷ್ಟ.

ಗೇರಿನ ವಿಷಯ. ಮುಂದೆ ಸಣ್ಣ ಚಕ್ರ 34 ಹಲ್ಲು, ಹಿಂದೆ ದೊಡ್ಡದು 28 ಇತ್ತು. ನಿಮಿಷಕ್ಕೆ 70 ಸಲ ಪೆಡಲ್ ತಿರುಗಬೇಕಾದರೆ ನಾನು ಗಂಟೆಗೆ ಹತ್ತೂವರೆ ಕಿಲೋಮೀಟರಿಗಿಂತ ಜೋರಾಗಿ ಘಟ್ಟ ಹತ್ತಬೇಕಿತ್ತು. ಅದು ನನ್ನಿಂದ ಆಗದ ಮಾತು. ಹಾಗಾಗಿ 45, 50ಕ್ಕೆ ಇಳಿದು, ಮಂಡಿ ನೋವು ಬಂದು, ಎರಡು ದಿನ ಪ್ಲಾಂಟಿನ ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದೆ. ಈಗ ಹಿಂದಿನ ಗಾಲಿಯಲ್ಲಿ ದೊಡ್ಡ ಚಕ್ರ 34 ಹಲ್ಲಿರುವ ಕ್ಯಾಸೆಟ್, ಅಂದರೆ ಗೇರು ಚಕ್ರಗಳ ಗೊಂಚಲು, ಇದೆ. ಅದೇ 70ಕ್ಕೆ ಗಂಟೆಗೆ 8.8 ಸಾಕು. ಮಂಡಿ ನೋವು ಹೋಯಿತು. ಇದಕ್ಕೆ ಸೋರಾದ ಉದ್ದ ಕೇಜಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಸಾಧನ; ಕೇಜು ಅದರ ಚೈನ್ ಹಿಡಿಯುವ ತೋಳು) ಬೇಕು, ಗಿಡ್ಡ ಕೇಜಿನದು 34 ಹಲ್ಲಿಗೆ ಆಗುವುದಿಲ್ಲ. ಚೈನೂ ಉದ್ದದ್ದು ಹಾಕಿಸಿದೆ.

ಬ್ರೇಕಿಗೆ ಟಿಆರ್‌ಪಿ ಸ್ಪೈರ್ ಹಾಕಿದೆ. ಮೊದಲಿದ್ದದ್ದರಲ್ಲಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸಿ ಡಿಸ್ಕನ್ನು ಆಚೆಗೆ ತಳ್ಳುತ್ತಿತ್ತು. ಇದರಲ್ಲಿ ಎರಡೂ ಕಡೆಯಿಂದ ಹಿಡಿಯುತ್ತದೆ. 122 ಕಿಲೋ ಘಟ್ಟ ಇಳಿಯುವಾಗ ಆ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಮಳೆಗಾಲಕ್ಕೆ ಲೋಹದ ಪ್ಯಾಡ್ ಹಾಕೋಣ ಅಂತಿದ್ದೆ, ರಾಳದಿಂದ ಮಾಡಿದ ರೆಸಿನ್ ಪ್ಯಾಡು ಕೆಸರಿಗೆ ಬೇಗ ಸವೆಯುತ್ತದೆ. ಆದರೆ ನನ್ನ ಡಿಸ್ಕಿನ ಮೇಲೆ ರೆಸಿನ್ ಪ್ಯಾಡ್ ಮಾತ್ರ ಹಾಕಿ ಅಂತ ಅಚ್ಚು ಹಾಕಿದ್ದಾರೆ. ಕಡಿಮೆ ಬೆಲೆಯ ಡಿಸ್ಕುಗಳಲ್ಲಿ ಹೀಗೆ ಇರುತ್ತದೆ, ಬೆಳಕಿಗೆ ಹಿಡಿದು ಓದಿಕೊಳ್ಳಿ. ಪ್ಯಾಡ್ ಬದಲಿಸುವ ಮುಂಚೆ ಡಿಸ್ಕೇ ಬದಲಿಸಬೇಕು.

ಸೀಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು. ಮುಂದಿನ ಗಾಲಿ ಇನ್ನೂ ಕಂಪನಿಯದ್ದೇ ಇದೆ. ಅದರಲ್ಲಿ ಈವರೆಗೆ ಒಂದು ಕಡ್ಡಿಯೂ ಹೋಗಿಲ್ಲ, ಹಾಗಾಗಿ ಮುಟ್ಟಿಲ್ಲ. ಪ್ರತಿ ಶನಿವಾರ ಸಂಜೆ ಸೈಕಲ್ ತಿರುಗಿಸಿ ನಿಲ್ಲಿಸಿ ಅದರ ಕಡ್ಡಿಗಳನ್ನೂ ಮೀಟಿ ಕೇಳುತ್ತೇನೆ. ಹೋದ ವಾರ ಎಡಗಡೆ ವಾಲ್ವಿನ ಪಕ್ಕದ್ದು ಸ್ವಲ್ಪ ಡುಬ್ ಅಂದಿತು. ಮಳೆ ಜೋರಾಗುವ ಮುಂಚೆ ಒಮ್ಮೆ ಹುಬ್ಬಳ್ಳಿಗೆ ಹೋಗಿ ಬರಬೇಕು.