ಶುಕ್ರವಾರ ರಾತ್ರಿ ಹತ್ತಕ್ಕೆ ಕೌಂಟರ್-ಸ್ಟ್ರೈಕ್: ಟಿಬಿಎಸ್ ವಾಹಿನಿಯ ಇ-ಲೀಗ್

ಹಾಸ್ಯ ಧಾರಾವಾಹಿಗಳ ಮರುಪ್ರಸಾರಕ್ಕೂ ಬೇಸ್‌ಬಾಲ್ ಪಂದ್ಯಗಳಿಗೂ ಹೆಸರಾಗಿದ್ದ ಅಮೆರಿಕದ ಟಿಬಿಎಸ್ ಕೇಬಲ್ ವಾಹಿನಿಯು 2016ರ ಮೇ ತಿಂಗಳ ಕೊನೆಯಲ್ಲಿ ಶುಕ್ರವಾರದ ರಾತ್ರಿ 10 ಗಂಟೆಯ ಹೊತ್ತನ್ನು ವಿಡಿಯೊ ಗೇಮ್ ಪಂದ್ಯಕ್ಕೆ ಬಿಟ್ಟುಕೊಟ್ಟಿತು. ವಾಹಿನಿಯ ಒಡೆತನ ಹೊಂದಿದ್ದ ಟರ್ನರ್ ಸಂಸ್ಥೆಯು ಕಲಾವಿದರ ಮತ್ತು ಕ್ರೀಡಾಪಟುಗಳ ವ್ಯವಹಾರ ನೋಡಿಕೊಳ್ಳುವ ಡಬ್ಲ್ಯುಎಂಇ-ಐಎಂಜಿ ಕಂಪನಿಯ ಜೊತೆಗೂಡಿ ಕಟ್ಟಿದ ಈ ಸ್ಪರ್ಧೆಯ ಹೆಸರು ಇ-ಲೀಗ್. ಆಟ, ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್. ಮೊದಲ ಋತುವಿನಲ್ಲಿ 24 ತಂಡಗಳಿದ್ದವು. ವಾರದ ನಡುವಿನ ಪಂದ್ಯಗಳು ಆಟಗಳನ್ನು ನೇರವಾಗಿ ತೋರಿಸುವ ಟ್ವಿಚ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಪ್ರಸಾರವಾಗುತ್ತಿದ್ದವು, ಗುಂಪಿನ ನಿರ್ಣಾಯಕ ಪಂದ್ಯ ಮಾತ್ರ ಶುಕ್ರವಾರ ಟಿವಿಗೆ ಬರುತ್ತಿತ್ತು. ಅದಕ್ಕಾಗಿಯೇ ಕಟ್ಟಿದ ಸ್ಟುಡಿಯೊ ಅಟ್ಲಾಂಟಾ ನಗರದಲ್ಲಿತ್ತು, ನಾನು ಆಗ ಅದೇ ನಗರದ ಹೊರವಲಯದಲ್ಲಿ ವಾಸವಾಗಿದ್ದೆ. ಆ ಪ್ರಸಾರವನ್ನು ಋತುವಿಡೀ ನೋಡಿದವನಾಗಿ, ಹಾಗೂ ಇತ್ತೀಚೆಗೆ ಅದರ ಮುದ್ರಿಕೆಗಳನ್ನು ಮತ್ತೊಮ್ಮೆ ನೋಡಿದವನಾಗಿ, ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಅದರ ಹೆಚ್ಚುಗಾರಿಕೆಯನ್ನು ಹೇಳಬೇಕು. ಈ ಆಟವನ್ನು ಎಂದೂ ಆಡದವರಿಗೆ ಪರದೆಯ ಮೇಲೆ ಏನು ನಡೆಯುತ್ತಿದೆಯೆಂದು ತಿಳಿಸುವುದು ಸುಲಭವಲ್ಲ. ಐವರ ಒಂದು ತಂಡ ಬಾಂಬ್ ಇಡಬೇಕು, ಐವರ ಮತ್ತೊಂದು ತಂಡ ಅದನ್ನು ತಡೆಯಬೇಕು. ಒಂದು ಸುತ್ತಿಗೆ 1 ನಿಮಿಷ 55 ಸೆಕೆಂಡು, ಬಾಂಬ್ ಇಟ್ಟ ಮೇಲೆ ಅದು ಸಿಡಿಯಲು 40 ಸೆಕೆಂಡು. ಆಗಿನ ನಿಯಮದಂತೆ ಮೊದಲು 16 ಸುತ್ತು ಗೆದ್ದವರಿಗೆ ಆ ಮ್ಯಾಪ್, ಅಂದರೆ ಆಟ ನಡೆಯುವ ಆ ಒಂದು ತಾಣ, ಸಲ್ಲುತ್ತಿತ್ತು. ಇಷ್ಟು ಹೇಳಿದರೆ ನಿಯಮ ಮುಗಿಯಿತು, ಆದರೆ ನೋಟ ಮುಗಿಯುವುದಿಲ್ಲ. ಹತ್ತು ಜನರು ಹತ್ತು ಕಡೆ ಓಡುತ್ತಿರುವಾಗ ಯಾರ ಕಣ್ಣಿನಿಂದ ನೋಡಬೇಕೆಂಬುದನ್ನು ಕ್ಷಣಕ್ಷಣಕ್ಕೂ ತೀರ್ಮಾನಿಸುವವರನ್ನು ಈ ರಂಗದಲ್ಲಿ ಅಬ್ಸರ್ವರ್ ಎನ್ನುತ್ತಾರೆ, ಮತ್ತು ಇ-ಲೀಗಿನ ಅಬ್ಸರ್ವರ್‌ಗಳು ಗುಂಡು ಹಾರುವುದಕ್ಕೆ ಮುನ್ನವೇ ಸರಿಯಾದ ಆಟಗಾರನ ಬೆನ್ನು ಹಿಡಿದಿರುತ್ತಿದ್ದರು. ಮೂಲೆಯಲ್ಲಿ ಚಿಕ್ಕ ನಕ್ಷೆ, ಎರಡೂ ಬದಿಯಲ್ಲಿ ಆಟಗಾರರ ಹೆಸರು ಮತ್ತು ಉಳಿದ ಪ್ರಾಣಶಕ್ತಿ, ಗೋಡೆಯ ಆಚೆಗಿರುವವನ ಆಕಾರವನ್ನು ತೋರಿಸುವ ಬಣ್ಣದ ಗೆರೆ. ಬಯಲಾಟದಲ್ಲಿ ಮರೆಯಲ್ಲಿ ನಿಂತ ರಕ್ಕಸ ನಮಗೆ ಕಾಣುತ್ತಾನೆ, ರಂಗದ ಮೇಲಿರುವ ರಾಜಕುಮಾರನಿಗೆ ಕಾಣುವುದಿಲ್ಲ. ಈ ಪ್ರಸಾರದ ಸ್ವಾರಸ್ಯವೂ ಅಲ್ಲಿಯೇ ಇದೆ.

ಚನ್ನರಾಯಪಟ್ಟಣದಿಂದ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದ ಮಾವನವರು ಮೊದಲ ಶುಕ್ರವಾರ ನಿದ್ರೆ ಬಾರದೆ ಸೋಫಾದ ಮೇಲೆ ಕುಳಿತವರು ಮೂರನೆಯ ಶುಕ್ರವಾರದ ಹೊತ್ತಿಗೆ ತಾವಾಗಿಯೇ ರಿಮೋಟ್ ಕೈಗೆತ್ತಿಕೊಂಡರು. "ಇದು ಕಬಡ್ಡಿನೇ ಅಳಿಯಂದ್ರೇ, ಔಟಾದವನು ಹೊರಗೆ ಕೂರ್ತಾನೆ. ಆದ್ರೆ ಎದುರಾಳಿ ಒಬ್ಬ ಔಟಾದ ಅಂತ ಇವನು ಎದ್ದು ಒಳಕ್ಕೆ ಬರೋ ಹಾಗಿಲ್ಲ, ಅಷ್ಟೇ ವ್ಯತ್ಯಾಸ" ಎಂದರು. ಇದಕ್ಕಿಂತ ಚೊಕ್ಕಟವಾದ ವಿವರಣೆಯನ್ನು ನಾನು ವಿಶ್ಲೇಷಕರಿಂದಲೂ ಕೇಳಿಲ್ಲ. ಅವರಿಗೆ ಕೊನೆಯವರೆಗೂ ಒಗ್ಗದೆ ಉಳಿದದ್ದು ಹಣದ ಲೆಕ್ಕ. ಪ್ರತಿ ಸುತ್ತಿಗೂ ಆಯುಧ ಕೊಳ್ಳಬೇಕು, ಸೋತವರ ಕೈ ಖಾಲಿಯಾಗಿರುತ್ತದೆ, ಆದ್ದರಿಂದ ಕೆಲವೊಮ್ಮೆ ಒಂದು ಸುತ್ತನ್ನು ಬೇಕೆಂದೇ ಬಿಟ್ಟುಕೊಟ್ಟು ಮುಂದಿನದಕ್ಕೆ ಕಾಸು ಕೂಡಿಸುತ್ತಾರೆ. ರಿಚರ್ಡ್ ಲೂಯಿಸ್ ನಡೆಸಿಕೊಡುತ್ತಿದ್ದ ಚರ್ಚಾಪೀಠದಲ್ಲಿ ಇದನ್ನು ಆಗಾಗ ಬಿಡಿಸಿ ಹೇಳುತ್ತಿದ್ದರೂ, ಪಿಸ್ತೂಲು ಮಾತ್ರ ಹಿಡಿದು ಸಾಯಲು ಹೊರಟವರನ್ನು ಕಂಡರೆ ಮಾವನವರಿಗೆ ಸಿಟ್ಟೇ ಬರುತ್ತಿತ್ತು.

ಇನ್ನು ಕೇಬಲ್ ಟಿವಿಯ ಸ್ವಭಾವಕ್ಕೂ ಈ ಆಟದ ಸ್ವಭಾವಕ್ಕೂ ನಡುವಿನ ತಿಕ್ಕಾಟವನ್ನು ನೋಡೋಣ, ಏಕೆಂದರೆ ನನ್ನ ಮುಖ್ಯ ಆಕ್ಷೇಪ ಇರುವುದು ಅಲ್ಲಿ. ಕ್ರಿಕೆಟ್ಟಿನಲ್ಲಿ ಆರು ಎಸೆತಕ್ಕೊಮ್ಮೆ ಜಾಹೀರಾತಿಗೆ ತಾನೇತಾನಾಗಿ ಜಾಗ ಸಿಗುತ್ತದೆ. ಕೌಂಟರ್-ಸ್ಟ್ರೈಕಿನಲ್ಲಿ ಎರಡು ಸುತ್ತುಗಳ ನಡುವೆ ಸಿಗುವುದು ಆಯುಧ ಕೊಳ್ಳಲು ಬೇಕಾದ ಕೆಲವೇ ಸೆಕೆಂಡುಗಳು. ಅದಕ್ಕಿಂತ ಮಿಗಿಲಾದ ತೊಡಕೆಂದರೆ, ಒಂದು ಮ್ಯಾಪ್ 16-2ಕ್ಕೂ ಮುಗಿಯಬಹುದಿತ್ತು, 16-14ಕ್ಕೂ ಎಳೆಯಬಹುದಿತ್ತು, ಸಮವಾದರೆ ಹೆಚ್ಚುವರಿ ಸುತ್ತುಗಳಿಗೂ ಹೋಗಬಹುದಿತ್ತು. ಅಮೆರಿಕದ ಉಪಗ್ರಹ ಟಿವಿ ಸಂಸ್ಥೆ ಡೈರೆಕ್‌ಟಿವಿ 2007ರಲ್ಲಿ ಆರಂಭಿಸಿದ ಚಾಂಪಿಯನ್‌ಷಿಪ್ ಗೇಮಿಂಗ್ ಸೀರೀಸ್ ಎಂಬ ವಿಡಿಯೊ ಗೇಮ್ ಸ್ಪರ್ಧೆ ಈ ತೊಡಕನ್ನು ಸುತ್ತುಗಳ ಸಂಖ್ಯೆಯನ್ನೇ ಕತ್ತರಿಸಿ ಬಗೆಹರಿಸಲು ಹೊರಟಿತ್ತು. ಆಟದ ಹಳೆಯ ಅಭಿಮಾನಿಗಳು ಮುನಿಸಿಕೊಂಡರು, ಹೊಸಬರೂ ಬರಲಿಲ್ಲ, 2008ರ ಕೊನೆಗೆ ಅದು ಮುಚ್ಚಿತು. ಇ-ಲೀಗ್ ಆ ತಪ್ಪನ್ನು ಮಾಡದೆ ಆಟವನ್ನು ಪೂರ್ತಿ ಉಳಿಸಿಕೊಂಡಿತು. ಅದು ಮೆಚ್ಚತಕ್ಕ ನಿರ್ಧಾರ. ಅದರ ಬೆಲೆಯನ್ನು ಮಾತ್ರ ವೀಕ್ಷಕ ತೆತ್ತ. ಒಂದು ಶುಕ್ರವಾರ ಮದುವೆಯ ಊಟಕ್ಕೆ ಹೋಗಬೇಕಾಗಿ ಬಂದು ನಾನು ಪಂದ್ಯವನ್ನು ಸೆಟ್-ಟಾಪ್ ಬಾಕ್ಸಿನಲ್ಲಿ ಮುದ್ರಿಸಲು ಹಾಕಿ ಹೋಗಿದ್ದೆ. ಮರುದಿನ ನೋಡಿದರೆ ಕೊನೆಯ ಮ್ಯಾಪ್ 14-13ಕ್ಕೆ ಬಂದು, ಬಾಂಬ್ ಇಟ್ಟು, ಟಿಕ್ ಟಿಕ್ ಸದ್ದು ಏರುತ್ತಿರುವಾಗ ಮುದ್ರಣ ನಿಂತುಹೋಗಿತ್ತು; ಕಾರ್ಯಕ್ರಮ ಪಟ್ಟಿಯಲ್ಲಿ ಬರೆದಿದ್ದ ಸಮಯ ಮೀರಿದ್ದರಿಂದ ಪೆಟ್ಟಿಗೆ ತನ್ನ ಕರ್ತವ್ಯ ಮುಗಿಸಿತ್ತು. ನಮ್ಮ ಕೇಬಲ್ ಕಂಪನಿಗೆ ಫೋನ್ ಮಾಡಿದಾಗ ಆ ಕಡೆಯವರು ಮುಂದಿನ ಕಾರ್ಯಕ್ರಮವನ್ನೂ ಸೇರಿಸಿ ಮುದ್ರಿಸಿಕೊಳ್ಳಿ ಎಂಬ ಸಲಹೆ ಕೊಟ್ಟರು. ಫಲಿತಾಂಶವನ್ನು ಕೊನೆಗೆ ಟ್ವಿಚ್‌ನಲ್ಲಿಯೇ ನೋಡಿದೆ.

ಈ ಗೊಂದಲವಿಲ್ಲದೆ ಕೇಬಲ್ ಟಿವಿಯಲ್ಲಿ ಆಟವನ್ನು ನೆಲೆಗೊಳಿಸಿದ ನಾಡು ದಕ್ಷಿಣ ಕೊರಿಯಾ. ಅಲ್ಲಿ 1999ರಲ್ಲಿ ಟೂನಿವರ್ಸ್ ಎಂಬ ಕಾರ್ಟೂನ್ ವಾಹಿನಿ ಸ್ಟಾರ್‌ಕ್ರಾಫ್ಟ್ ಎಂಬ ಯುದ್ಧತಂತ್ರದ ಕಂಪ್ಯೂಟರ್ ಆಟದ ಪಂದ್ಯಗಳನ್ನು ತೋರಿಸಿತು, ಮರುವರ್ಷವೇ ಆಟಗಳಿಗೆ ಮೀಸಲಾದ ಆನ್‌ಗೇಮ್‌ನೆಟ್ ಹುಟ್ಟಿತು. ದಿನವಿಡೀ ಆಟವನ್ನೇ ತೋರಿಸುವ ವಾಹಿನಿಗೆ ಪಂದ್ಯ ಅರ್ಧ ಗಂಟೆ ಹೆಚ್ಚು ನಡೆದರೆ ನಷ್ಟವೇನೂ ಇಲ್ಲ. ಅಲ್ಲದೆ ಒಬ್ಬನಿಗೆ ಒಬ್ಬ ಎದುರಾಗುವ, ಮೇಲಿನಿಂದ ನೋಡುವ ಆ ಆಟವನ್ನು ಒಂದೇ ಪರದೆಯಲ್ಲಿ ಹಿಡಿಯುವುದೂ ಹಗುರ. ಟಿಬಿಎಸ್‌ಗೆ ಇದ್ದದ್ದು ವಾರಕ್ಕೊಂದು ಕಿಟಕಿ ಮಾತ್ರ.

ಆಟಗಾರರ ಬಗೆಗಿನ ಕಿರುಚಿತ್ರಗಳು ಅಚ್ಚುಕಟ್ಟಾಗಿದ್ದವು. ವೀಕ್ಷಕ ವಿವರಣೆ, ವಿಶೇಷವಾಗಿ ಆಂಡರ್ಸ್ ಬ್ಲೂಮ್ ಅವರದು, ಏರಬೇಕಾದ ಕಡೆ ಮಾತ್ರ ದನಿ ಏರಿಸುವಂಥದ್ದು. ಚರ್ಚಾಪೀಠದ ಮಾತು ಕೆಲವು ವಾರಗಳಲ್ಲಿ ಉದ್ದವಾಯಿತೆಂದು ನನಗೆ ಅನ್ನಿಸಿದ್ದುಂಟು. ಜುಲೈ 30ರ ಅಂತಿಮ ಪಂದ್ಯದಲ್ಲಿ ಪೋಲೆಂಡಿನ ವರ್ಟಸ್.ಪ್ರೊ ತಂಡ ಸ್ವೀಡನ್ನಿನ ಫ್ನಾಟಿಕ್ ತಂಡವನ್ನು 2-0 ಮ್ಯಾಪ್‌ಗಳಿಂದ ಸೋಲಿಸಿ 3,90,000 ಡಾಲರ್ ಪಡೆಯಿತು. ಆ ತಂಡದ ನಿಯೊ ಮತ್ತು ತಾಜ್ ಹತ್ತು ವರ್ಷಕ್ಕೂ ಹಿಂದಿನಿಂದ, ಈ ಆಟದ ಹಳೆಯ ಆವೃತ್ತಿಯಾದ ಕೌಂಟರ್-ಸ್ಟ್ರೈಕ್ 1.6ರ ಕಾಲದಿಂದ ಜೊತೆಗೆ ಆಡುತ್ತಿದ್ದವರು. ಗೆದ್ದ ಗಳಿಗೆಯ ಅವರ ಮುಖಗಳನ್ನು ದೊಡ್ಡ ಟಿವಿಯಲ್ಲಿ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆದರೆ 2017ರ ಜನವರಿಯಲ್ಲಿ ಇದೇ ಇ-ಲೀಗ್ ಅಟ್ಲಾಂಟಾದಲ್ಲಿ ನಡೆಸಿದ ಮೇಜರ್, ಅಂದರೆ ಈ ಆಟದ ಅತಿ ದೊಡ್ಡ ಮಟ್ಟದ ಸ್ಪರ್ಧೆಯ ಅಂತಿಮ ಪಂದ್ಯವನ್ನು ಟ್ವಿಚ್‌ನಲ್ಲಿ ಏಕಕಾಲಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಪ್ರೇಕ್ಷಕರು ಎಲ್ಲಿದ್ದಾರೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಹೊಸಬರು ಈಗ ಯೂಟ್ಯೂಬ್‌ನಲ್ಲಿ ನೋಡುವುದಾದರೆ, 2018ರ ಬಾಸ್ಟನ್ ಮೇಜರ್‌ನ ಅಂತಿಮ ಪಂದ್ಯದ ಮೂರನೆಯ ಮ್ಯಾಪ್‌ನಿಂದ ಆರಂಭಿಸುವುದು ಒಳ್ಳೆಯದು. ಕ್ಲೌಡ್9 ತಂಡ 11-15ರ ಹಿನ್ನಡೆಯಿಂದ ಎದ್ದು, ಎರಡು ಬಾರಿ ಹೆಚ್ಚುವರಿ ಸುತ್ತುಗಳಿಗೆ ಹೋಗಿ, ಫೇಜ್ ತಂಡವನ್ನು 22-19ರಿಂದ ಸೋಲಿಸುತ್ತದೆ. ಊರಿಗೆ ಮರಳಿದ್ದ ಮಾವನವರಿಗೆ ಅದರ ಕೊಂಡಿ ಕಳಿಸಿದ್ದೆ. ಪೂರ್ತಿ ನೋಡಿ ಫೋನ್ ಮಾಡಿದವರು ಮೊದಲು ಕೇಳಿದ್ದು, "ಇದನ್ನ ಅವತ್ತು ಟಿವೀಲಿ ಪೂರ್ತಿ ತೋರಿಸಿದ್ರಾ?" ಎಂದು.