ಮೈಕಿಗೊಂದು ತುಪ್ಪಳದ ಟೋಪಿ: ಎಂಟು ತಿಂಗಳು ಬಳಸಿದ ಮೇಲೆ

ಇದನ್ನ ಯಾಕೆ ತಗೊಂಡೆ ಅಂತ ಮೊದಲು ಹೇಳಿಬಿಡುತ್ತೇನೆ. ಹಿರಿಯರೊಬ್ಬರು ಸಂಜೆ ಹೊತ್ತು ಮಹಡಿ ಮೇಲೆ ಕೂತು ತಮ್ಮ ಹಳೆಯ ಕಥೆ ಹೇಳುತ್ತಿದ್ದರು. ನಲವತ್ತು ನಿಮಿಷ ರೆಕಾರ್ಡ್ ಮಾಡಿದೆ. ತಣ್ಣಗೆ ಗಾಳಿ ಬೀಸುತ್ತಿತ್ತು, ಹಿತವಾಗಿತ್ತು, ಅದೇ ನನ್ನ ಕೆಲಸ ಕೆಡಿಸುತ್ತೆ ಅಂತ ಹೊಳೆಯಲೇ ಇಲ್ಲ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ, ಯಾರೋ ಮೈಕ್ ಮೇಲೆ ಗೋಣಿಚೀಲ ಎಳೆದಾಡಿದ ಹಾಗೆ ಬುಡುಬುಡು ಸದ್ದು. ಕಥೆಯ ಮುಖ್ಯವಾದ ಜಾಗದಲ್ಲೇ ಎರಡು ವಾಕ್ಯ ಗಾಳಿಪಾಲು.

ಸಾಫ್ಟ್‌ವೇರ್‌ನಲ್ಲಿ ಸರಿಮಾಡೋಣ ಅಂತ ಹೊರಟೆ. ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನ ನಾಯ್ಸ್ ರಿಡಕ್ಷನ್, ಅಂದರೆ ಗದ್ದಲ ತಗ್ಗಿಸೋ ಸೌಲಭ್ಯ, ಹಾಕಿದೆ. ಅದು ಫ್ಯಾನಿನ ಸದ್ದು, ಎಸಿಯ ಗುಂಯ್ ಅನ್ನೋ ಸದ್ದು, ಇಂಥ ಒಂದೇ ಸಮನೆ ಬರುವ ಗದ್ದಲಕ್ಕೆ ಸರಿ. ಗಾಳಿ ಹಾಗಲ್ಲ, ಒಂದು ಸಲ ನುಗ್ಗುತ್ತೆ, ಒಂದು ಸಲ ಸುಮ್ನೆ ಇರುತ್ತೆ. ಜಾಸ್ತಿ ಹಾಕಿದಷ್ಟೂ ಅಜ್ಜನ ದನಿ ಬಾವಿಯೊಳಗಿಂದ ಬಂದ ಹಾಗಾಯಿತು. ಆಮೇಲೆ 100 ಹರ್ಟ್ಸ್‌ಗೆ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸ್ವರಗಳನ್ನ ತಗ್ಗಿಸೋದು) ಹಾಕಿದೆ, ಅದು ನಿಜವಾಗಿ ಕೆಲಸ ಮಾಡಿತು, ಯಾಕೆಂದರೆ ಗಾಳಿ ಸದ್ದಿನ ಬಹುಪಾಲು ಬಲ ಇರೋದು ಕೆಳಗಿನ ಸ್ವರದಲ್ಲಿ. ಆದರೆ ಸದ್ದಿನ ಲೆವೆಲ್ ರೆಕಾರ್ಡರ್ ಹಿಡಿಯೋ ಮಿತಿ ಮೀರಿ ಶಬ್ದದ ಅಲೆಯ ತಲೆಯೇ ಕತ್ತರಿಸಿಹೋಗಿದ್ದ ಜಾಗ ಇತ್ತಲ್ಲ, ಅಲ್ಲಿ ಯಾವ ಫಿಲ್ಟರ್ ಹಾಕಿದರೂ ಕರಕರ ಅನ್ನೋದು ಹೋಗಲಿಲ್ಲ. ಅಲ್ಲಿದ್ದ ಮಾತು ಫೈಲಿಗೆ ಸೇರಿಯೇ ಇಲ್ಲ, ಇನ್ನು ಹುಡುಕೋದೆಲ್ಲಿ?

ಹಾಗಾಗಿ ಈ ಟೋಪಿ. ನೋಡೋಕೆ ದೊಡ್ಡ ಕಂಬಳಿಹುಳದ ಹಾಗಿದೆ. ಈ ಕಸುಬಿನವರು ಇದಕ್ಕೆ ಡೆಡ್‌ಕ್ಯಾಟ್ ಅಂತಾರೆ, ಅಂದರೆ ಸತ್ತ ಬೆಕ್ಕು. ಪಾಪ, ಬೇರೆ ಹೆಸರೇ ಸಿಗಲಿಲ್ಲವೇನೋ. ಮೇಲೆ ಉದ್ದ ಕೃತಕ ಕೂದಲು, ಕೆಳಗೆ ತೆಳುವಾದ ಬಟ್ಟೆ, ಬುಡದಲ್ಲಿ ಎಲಾಸ್ಟಿಕ್. ಅಂಗೈಯಗಲದ ರೆಕಾರ್ಡರ್‌ನ ಮೈಕ್ ಭಾಗಕ್ಕೆ ಹಾಕಿ ಕೆಳಗೆಳೆದರೆ ಕೂರುತ್ತೆ.

ಇದು ಕೆಲಸ ಮಾಡೋ ರೀತಿ ಸರಳ. ನಮಗೆ ಕೇಳಿಸೋ ಆ ಧಡಧಡ ದೂರದಿಂದ ಬಂದ ಶಬ್ದ ಅಲ್ಲ, ಗಾಳಿ ಮೈಕಿಗೆ ಬಡಿದು ಅಲ್ಲೇ ಸುಳಿ ಎಬ್ಬಿಸಿ ಒಳಗಿನ ತೆಳು ಪೊರೆಯನ್ನ ನೂಕಾಡೋದು. ಕೂದಲು ಆ ವೇಗವನ್ನ ಸ್ವಲ್ಪ ಸ್ವಲ್ಪವೇ ಮುರಿಯುತ್ತೆ, ಒಳಗೆ ಮೈಕ್ ಸುತ್ತ ಅಲ್ಲಾಡದ ಗಾಳಿ ಒಂದಿಷ್ಟು ಉಳಿಯುತ್ತೆ. ಶಬ್ದದ ಅಲೆ ಮಾತ್ರ ಹೆಚ್ಚೇನೂ ತಡೆಯಿಲ್ಲದೆ ದಾಟಿಬರುತ್ತೆ. ರೆಕಾರ್ಡರ್ ಜೊತೆ ಬರೋ ಸ್ಪಂಜಿನ ಟೋಪಿ ಬಾಯಿಂದ ಬರೋ 'ಪ', 'ಭ' ಉಸಿರಿಗೆ ಸಾಕು, ಬಯಲಿನ ಗಾಳಿಗೆ ಸಾಲದು.

ಪರೀಕ್ಷೆ ಮಾಡಿದ್ದು ಹೀಗೆ. ಟೇಬಲ್ ಫ್ಯಾನ್ ಎದುರು ರೆಕಾರ್ಡರ್ ಇಟ್ಟೆ, ಗೇನ್ (ಮೈಕ್ ಸದ್ದನ್ನ ಎಷ್ಟು ಜೋರಾಗಿ ಹಿಡಿಯಬೇಕು ಅನ್ನೋ ಮಟ್ಟ) ಮುಟ್ಟಲಿಲ್ಲ, ಒಂದರಿಂದ ಇಪ್ಪತ್ತರವರೆಗೆ ಎಣಿಸಿದೆ. ಬರಿ ಮೈಕಿನಲ್ಲಿ ಲೆವೆಲ್ ಮೀಟರ್ ಪದೇ ಪದೇ ಕೆಂಪಾಯಿತು, ಅಂದರೆ ಮಿತಿ ಮೀರಿತು. ಸ್ಪಂಜು ಹಾಕಿದಾಗ ಕಡಿಮೆಯಾಯಿತು, ಆದರೂ 'ಏಳು', 'ಎಂಟು' ಎರಡೂ ಒಂದೇ ಥರ ಕೇಳಿಸಿದವು. ತುಪ್ಪಳ ಹಾಕಿದಾಗ ಎಣಿಕೆ ಪೂರ್ತಿ ಸ್ಪಷ್ಟ, ಹಿಂದೆ ಫ್ಯಾನಿನ ಮೋಟಾರ್ ಸದ್ದೂ ಕೇಳಿಸಿತು. ಅದು ಕೇಳಿಸಬೇಕಾದ್ದೇ, ಅದು ನಿಜವಾದ ಶಬ್ದ ಅಲ್ವಾ.

ದನಿಯ ಗುಣಮಟ್ಟ ಕೆಡುತ್ತಾ ಅನ್ನೋದು ನನಗಿದ್ದ ದೊಡ್ಡ ಅನುಮಾನ. ಅದಕ್ಕೆ ಬೀಗದ ಕೈ ಗೊಂಚಲು ಅಲ್ಲಾಡಿಸಿ ರೆಕಾರ್ಡ್ ಮಾಡಿದೆ, ಟೋಪಿ ಹಾಕಿ ಒಂದು ಸಲ, ತೆಗೆದು ಒಂದು ಸಲ. ಆ ಝಣಝಣದ ತುದಿಯಲ್ಲಿರೋ ಹೊಳಪು ಟೋಪಿ ಹಾಕಿದಾಗ ಸ್ವಲ್ಪ ಮಂಕು. ಮಾತಿಗೆ ಇದು ಗೊತ್ತೇ ಆಗಲ್ಲ, ಹಕ್ಕಿ ಕೂಗು, ಜೀರುಂಡೆ ಹಿಡಿಯೋರಿಗೆ ಗೊತ್ತಾಗುತ್ತೆ. ಈಕ್ವಲೈಜರ್‌ನಲ್ಲಿ ಮೇಲಿನ ಸ್ವರವನ್ನ ಚೂರು ಎತ್ತಿದರೆ ಮುಗಿಯಿತು. ಆದರೆ ಕೂದಲು ಒದ್ದೆಯಾದರೆ ಅಥವಾ ಅಂಟಿಕೊಂಡು ಗಂಟಾದರೆ ಮಂಕು ಜಾಸ್ತಿಯಾಗುತ್ತೆ. ನಾನು ಒಂದು ಹಳೆ ಬಾಚಣಿಗೆ ಬ್ಯಾಗಲ್ಲೇ ಇಟ್ಟುಕೊಂಡಿದ್ದೇನೆ, ನೋಡಿದವರು ನಗುತ್ತಾರೆ, ನಗಲಿ.

ಗುಡ್ಡದ ತುದಿಯಲ್ಲಿ ಮಾತ್ರ ಇದು ಸೋತಿತು. ಗಾಳಿ ಜೋರಾದಾಗ ಗುಡುಗುಡು ಒಳಗೆ ನುಗ್ಗಿತು. ಒಳಗೆ ಜಾಗ ಕಡಿಮೆ, ಕೂದಲು ಮೈಕಿಗೆ ತೀರಾ ಹತ್ತಿರ. ಅಂಥ ಕಡೆ ದೊಡ್ಡ ಬುಟ್ಟಿಯಂಥ ಬ್ಲಿಂಪ್ ಬೇಕು. ಆವತ್ತು ನಾನೇ ಗಾಳಿಗೆ ಬೆನ್ನು ಕೊಟ್ಟು, ರೆಕಾರ್ಡರನ್ನ ಎದೆ ಹತ್ತಿರ ಹಿಡಿದು, ರೆಕಾರ್ಡರ್‌ನ ಲೋ-ಕಟ್ (ಅದೂ ಕೆಳಗಿನ ಸ್ವರ ತಗ್ಗಿಸೋ ಫಿಲ್ಟರೇ) 80 ಹರ್ಟ್ಸ್‌ಗೆ ಹಾಕಿ ಹೇಗೋ ಮುಗಿಸಿದೆ. ಅದನ್ನ 160ಕ್ಕೆ ಏರಿಸಿದರೆ ಗಾಳಿ ಇನ್ನೂ ಇಳಿಯುತ್ತೆ, ಆದರೆ ಗಂಡಸರ ದನಿಯ ತಳವೂ ಜೊತೆಗೇ ಹೋಗಿ, ಮಾತು ಹಳೆ ಫೋನಿನ ಥರ ಸಪ್ಪೆಯಾಗುತ್ತೆ.

ಇನ್ನೊಂದು ಮಾತು, ಒಂದೇ ದಿಕ್ಕಿನ ಶಬ್ದ ಹಿಡಿಯೋ ಮೈಕುಗಳಿಗೆ ಗಾಳಿ ಬೇಗ ತಗಲುತ್ತೆ. ಎಲ್ಲಾ ಕಡೆಯಿಂದ ಹಿಡಿಯೋ ಕಾಲರ್ ಮೈಕ್ ಆದರೆ ತಡೆದುಕೊಳ್ಳುತ್ತೆ. ಬರೀ ಮಾತು ಬೇಕಿದ್ದವರು ಅದಕ್ಕೆ ಒಂದು ಪುಟ್ಟ ತುಪ್ಪಳದ ಉಂಡೆ ಹಾಕಿಕೊಂಡರೂ ಆಗುತ್ತೆ, ಇಷ್ಟು ದೊಡ್ಡದು ಬೇಡ.

ದೂರು ಎರಡಿವೆ. ಎಲಾಸ್ಟಿಕ್ ಐದನೇ ತಿಂಗಳಿಗೇ ಸಡಿಲವಾಯಿತು, ಈಗ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಕೂದಲು ಉದುರುತ್ತೆ ಕೂಡ. ಒಂದು ಎಳೆ ಒಳಗೆ ಸೇರಿ ಮೈಕ್ ಜಾಲರಿಗೆ ತಾಗುತ್ತಿತ್ತು. ಹೆಡ್‌ಫೋನ್‌ನಲ್ಲಿ ಇಲಿ ಕೆರೆದ ಹಾಗೆ ಸದ್ದು, ಅರ್ಧ ಗಂಟೆ ಕೇಬಲ್ ಬದಲಿಸಿ ಬದಲಿಸಿ ನೋಡಿದ್ದೇನೆ, ಕೊನೆಗೆ ಟೋಪಿ ಬಿಚ್ಚಿ ಬೆಳಕಿಗೆ ಹಿಡಿದಾಗ ಆ ಒಂದು ಕೂದಲು ಕಂಡಿತು.